ಮರೆಯಾದವಳ ತಾಯಿ

ಸಿದ್ರಾ ಊರಿನಲ್ಲಿ ಶಂಸಾಳನ್ನು ಈಗ ಎಲ್ಲರೂ ಕರೆಯುವುದು ಉಮ್ ಹಾರಿಬ್ ಎಂದು, ಅಂದರೆ ಹಾರಿಬ್‌ನ ತಾಯಿ. ಹಾರಿಬ್ ಊರಿನ ಶಾಲೆಯ ಹೆಡ್‌ಮಾಸ್ಟರ್. ದೊಡ್ಡ ಮನುಷ್ಯನ ತಾಯಿಯೆಂದು ಮದುವೆಮನೆಗಳಲ್ಲಿ ಅವಳಿಗೆ ಗೋಡೆಗೊರಗುವ ಜಾಗ ಬಿಟ್ಟುಕೊಡುತ್ತಾರೆ. ನೆರೆಮನೆಯ ಮೌಜಾ ಒಬ್ಬಳೇ ಹಳೆಯ ಹೆಸರನ್ನು ಬಿಟ್ಟಿಲ್ಲ. ಕಾಂಪೌಂಡಿನಾಚೆಯಿಂದ "ಉಮ್ ರಯ್ಯಾ, ಕಾಫಿ ಇಳಿಸಿದ್ದೀಯೇನೇ?" ಎಂದು ಕೂಗುತ್ತಾಳೆ. ಹಾಗೆ ಕೂಗಿದಾಗಲೆಲ್ಲ ಶಂಸಾ ಒಂದು ಗಳಿಗೆ ಸುಮ್ಮನಿದ್ದು ಆಮೇಲೆ ಓಗೊಡುತ್ತಾಳೆ. ತನಗಿಂತ ಮೊದಲು ಇನ್ಯಾರಾದರೂ ಓಗೊಟ್ಟಾರೇನೋ ಎಂದು ಕಾದವಳ ಹಾಗೆ.

ರಯ್ಯಾ ಅವಳ ಮೊದಲ ಮಗಳು. ಅವಳು ಹುಟ್ಟಿದ್ದು ಗುಡ್ಡದ ಬುಡದಲ್ಲಿದ್ದ ಹಳೆಯ ಕೇರಿಯಲ್ಲಿ. ಒಂದರ ಹೆಗಲಿಗೆ ಒಂದು ಒರಗಿಕೊಂಡ ಮಣ್ಣಿನ ಮನೆಗಳು, ಸೂರ್ಯ ಮುಳುಗಿದರೆ ಮುಚ್ಚುವ, ಕೇರಿಗೆಲ್ಲ ಒಂದೇ ಹೆಬ್ಬಾಗಿಲು. ಶಂಸಾಳ ಗಂಡ ಹುಮೈದ್ ಬಹ್ರೇನಿನ ಬಂದರಿನಲ್ಲಿ ಮೂಟೆ ಹೊರುತ್ತಿದ್ದ. ಅವನು ಬದುಕಿದ್ದಾನೆಂಬ ಸುದ್ದಿ ಯಾವಾಗಲೋ ಒಮ್ಮೆ, ಅಲ್ಲಿಂದ ಬಂದವರ ಬಾಯಿಂದ ತಿಳಿಯುತ್ತಿತ್ತು. ಮನೆಯಲ್ಲಿದ್ದವರು ಅತ್ತೆ ನಸ್ರಾ, ಶಂಸಾ ಮತ್ತು ಆ ಹುಡುಗಿ.

ರಯ್ಯಾ ಎಡಚಿ. ಊಟಕ್ಕೆ ಎಡಗೈ ಇಟ್ಟಾಗಲೆಲ್ಲ ಅಜ್ಜಿ ನಸ್ರಾ ಆ ಕೈ ಮೇಲೆ ಪಟ್ಟೆಂದು ಹೊಡೆಯುವಳು. "ಶೈತಾನ ತಿನ್ನೋದು ಆ ಕೈಯಲ್ಲಿ ಕಣೇ!" "ಹಂಗಾದ್ರೆ ಅವನೂ ನನ್ನ ಹಂಗೇ ಹಸಿದಿರ್ಬೇಕು ಅಜ್ಜಿ" ಎನ್ನುವಳು ಹುಡುಗಿ, ಬಲಗೈಗೆ ಖರ್ಜೂರ ದಾಟಿಸುತ್ತ. ಮನೆಯ ಹಿಂಗೋಡೆಗೆ ತಾಗಿ ಫಲಜ್ ಕಾಲುವೆ ಹರಿಯುತ್ತಿತ್ತು. ಅದರ ಅಂಚಿನ ಮೇಲೆ ಎರಡೂ ಕೈ ಚಾಚಿ, ತೋಟದ ತುದಿಯವರೆಗೂ ಬೀಳದೆ ನಡೆದು ಹೋಗುವುದು ಅವಳ ಆಟ.

ಹಾಲುಹಲ್ಲು ಬೀಳತೊಡಗಿದ್ದ ವರ್ಷ, ಖರ್ಜೂರದ ಗೊನೆ ಕೊಯ್ಯುವ ಬೇಸಗೆಯಲ್ಲಿ, ರಯ್ಯಾಳಿಗೆ ವಾಂತಿಭೇದಿ ಹತ್ತಿತು. ಬೆಳಿಗ್ಗೆ ಆಡುತ್ತಿದ್ದವಳು ಮಧ್ಯಾಹ್ನಕ್ಕೆ ಚಾಪೆ ಹಿಡಿದಳು. ಆಸ್ಪತ್ರೆಯೆಂಬುದು ಇದ್ದದ್ದು ಮತ್ರಾದಲ್ಲಿ, ಕತ್ತೆಯ ಮೇಲೆ ಗುಡ್ಡ ಇಳಿದು ಹಗಲುರಾತ್ರಿ ಹೋದರೂ ಮುಟ್ಟದಷ್ಟು ದೂರ. ಊರಿನ ಮುದುಕನೊಬ್ಬ ಬಂದು, ಕೆಂಡದಲ್ಲಿ ಕಾಸಿದ ಕಬ್ಬಿಣದಿಂದ ಹುಡುಗಿಯ ಹೊಕ್ಕುಳ ಸುತ್ತ ಬರೆ ಎಳೆದು ಹೋದ. ನಸ್ರಾ ನೀರಿನ ಹೂಜಿಯನ್ನು ಎತ್ತಿ ಅಟ್ಟದ ಮೇಲಿಟ್ಟಳು.

"ಹೊಟ್ಟೆ ಈಗಲೇ ಕಾಲುವೆ ಥರ ಹರೀತಿದೆ. ಮೇಲಿಂದ ನೀರು ಹುಯ್ದರೆ ನಿಲ್ಲೋದು ಹ್ಯಾಗೆ? ಒಂದು ಹನೀನೂ ಕೊಡ್ಬೇಡ" ಎಂದಳು ಸೊಸೆಗೆ.

ನಸ್ರಾ ಕೆಟ್ಟವಳಲ್ಲ. ಅವಳ ತಾಯಿ ಅವಳಿಗೆ ಹೇಳಿದ್ದೂ ಅದೇ, ಊರಿನ ಎಲ್ಲ ಮನೆಗಳಲ್ಲೂ ನಡೆಯುತ್ತಿದ್ದದ್ದೂ ಅದೇ. ಶಂಸಾ ಮಾತು ಕೇಳಿದಳು.

"ಅಮ್ಮಾ, ಒಂದೇ ಗುಟುಕು" ಎಂದು ರಯ್ಯಾ ಗೋಗರೆದಳು. "ನುಂಗಲ್ಲ ಅಮ್ಮ. ಬಾಯಲ್ಲಿಟ್ಕೊಂಡು ಉಗುಳ್ಬಿಡ್ತೀನಿ."

"ವಾಸಿಯಾಗ್ಲಿ ಕಂದ. ವಾಸಿಯಾದ ಮೇಲೆ ಹೂಜಿ ಪೂರ್ತಿ ನಿಂದೇ."

ಮರುದಿನ ಹುಡುಗಿಯ ಧ್ವನಿ ಹೋಯಿತು. ಕಣ್ಣು ಗುಳಿಬಿದ್ದವು. ಶಂಸಾ ಅತ್ತೆಯ ಕಣ್ಣು ತಪ್ಪಿಸಿ ತಲೆವಸ್ತ್ರದ ಅಂಚನ್ನು ಒದ್ದೆ ಮಾಡಿ ತುಟಿಗೆ ಸವರಿದಳು. ರಯ್ಯಾ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು. ಬಿಡಿಸಿಕೊಳ್ಳಬೇಕಾಯಿತು. ಆಮೇಲೆ ಅವಳು ತಾಯಿಯತ್ತ ನೋಡಲಿಲ್ಲ. ಕಾಲುವೆಯ ಸದ್ದು ಬರುತ್ತಿದ್ದ ಗೋಡೆಯ ಕಡೆಗೆ ಮುಖ ತಿರುಗಿಸಿ ಮಲಗಿದಳು. ಇಳಿಹೊತ್ತಿನ ಬಾಂಗಿನ ವೇಳೆಗೆ ಎಲ್ಲ ಮುಗಿದಿತ್ತು. ಕತ್ತಲಾಗುವ ಮೊದಲೇ ಗಂಡಸರು ಹೊತ್ತುಕೊಂಡು ಹೋಗಿ ಮಣ್ಣು ಮಾಡಿ ಬಂದರು. ಹೆಂಗಸರು ಹೋಗುವ ಪದ್ಧತಿ ಇರಲಿಲ್ಲ.

ಮಾತಾಡಿಸಲು ಬಂದವರೆಲ್ಲ ದೇವರ ಇಚ್ಛೆ ಎಂದು ಹೇಳಿ ಹೋದರು. ಮೌಜಾ ಮಾತ್ರ ಕೊನೆಗೆ ಉಳಿದುಕೊಂಡು, ಶಂಸಾಳ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕುಳಿತಳು.

"ಮೈ ತೊಳೆಯೋವಾಗ ನಾನಿದ್ದೆ ಕಣೇ. ಎತ್ತಿದರೆ ಒಣಗಿದ ಖರ್ಜೂರದ ಕಾಂಡ ಎತ್ತಿದ ಹಾಗಾಯ್ತು. ಮುಖಾನೂ ಅವಳದ್ದಲ್ಲ. ನನ್ನ ಮಾತು ನಂಬು. ಅವಳು ಸತ್ತಿಲ್ಲ. ಅವಳನ್ನ ಮರೆ ಮಾಡಿದಾರೆ."

ಆ ಸೀಮೆಯಲ್ಲಿ ಇಂಥ ಕತೆಯಿಲ್ಲದ ಮನೆ ಕಡಿಮೆ. ಮಾಟಗಾರ ಜನರ ಕಣ್ಣು ಕಟ್ಟುತ್ತಾನೆ. ಸತ್ತವರೆಂದು ಹೂಳುವುದು ಬರೀ ಮರದ ತುಂಡನ್ನು. ನಿಜವಾದ ಮನುಷ್ಯನ ನಾಲಗೆ ಕಟ್ಟಿ ದೂರ ಕರೆದುಕೊಂಡು ಹೋಗಿ ಕೆಲಸಕ್ಕಿಟ್ಟುಕೊಳ್ಳುತ್ತಾನೆ. ಮಾಟಗಾರ ಸತ್ತ ದಿನ ಕಟ್ಟು ಬಿಚ್ಚುತ್ತದೆ, ಮರೆಯಾದವರು ದಾರಿ ಹುಡುಕಿಕೊಂಡು ಮನೆಗೆ ಬರುತ್ತಾರೆ. ಬಂದವರನ್ನು ಕಂಡವರಿಲ್ಲ. ಕಂಡವರನ್ನು ಕಂಡವರು ಊರೂರಿಗೂ ಇದ್ದರು.

ಮುಳುಗುವವರಿಗೆ ಹುಲ್ಲುಕಡ್ಡಿ ಆಸರೆ. ಶಂಸಾ ನಂಬಿದಳು. ಅವಳಿಗಿಂತ ಬೇಗ ನಸ್ರಾ ನಂಬಿದಳು. ಪ್ರತಿ ಸಂಜೆ ರಯ್ಯಾಳಿಗೆಂದು ಒಂದು ಬಟ್ಟಲು ಅನ್ನ ಮಾಳಿಗೆಯ ಮೇಲೆ ಹೋಗತೊಡಗಿತು. ಬೆಳಿಗ್ಗೆ ಬಟ್ಟಲು ಖಾಲಿಯಾಗಿರುತ್ತಿತ್ತು. ಹಕ್ಕಿಗಳು ತಿಂದಿರಬೇಕೆಂದು ಅತ್ತೆಯೂ ಹೇಳಲಿಲ್ಲ, ಸೊಸೆಯೂ ಹೇಳಲಿಲ್ಲ. ಇಬ್ರಿಯ ಸಂತೆಯಲ್ಲಿ ಎಡಗೈಯಲ್ಲಿ ಹಗ್ಗ ಹೊಸೆಯುವ ಮೂಗಿ ಹುಡುಗಿಯೊಬ್ಬಳಿದ್ದಾಳೆ ಎಂದು ಉಪ್ಪು ಮಾರುವವನೊಬ್ಬ ಹೇಳಿದಾಗ, ಶಂಸಾ ಅಣ್ಣನನ್ನು ಕಾಡಿ ಬೇಡಿ ಅಲ್ಲಿಯವರೆಗೂ ಹೋದಳು. ಹುಡುಗಿ ನಿಜವಾಗಿಯೂ ಇದ್ದಳು. ಪಕ್ಕದಲ್ಲೇ ಅವಳ ತಾಯಿಯೂ ಕುಳಿತಿದ್ದಳು.

ಕೆಲವು ವರ್ಷಗಳಲ್ಲಿ ಕಾಲ ತಿರುಗಿತು. ಹೊಸ ಆಡಳಿತ ಬಂತು. ಗುಡ್ಡ ಕಡಿದು ರಸ್ತೆ ಹಾಕಿದರು. ಹೊರದೇಶಕ್ಕೆ ಹೋದವರೆಲ್ಲ ಮರಳಿದರು. ಹುಮೈದ್ ಹೆಗಲ ಮೇಲೆ ರೇಡಿಯೊ ಹೊತ್ತುಕೊಂಡು ಬಂದ. ಊರಿನ ಹೊರಗೆ ಸಿಮೆಂಟಿನ ಎರಡು ಕೋಣೆ ಎದ್ದು ಅದಕ್ಕೆ ಆಸ್ಪತ್ರೆಯೆಂಬ ಹೆಸರಾಯಿತು. ಅದರೊಳಗೆ ಈಜಿಪ್ಟಿನಿಂದ ಬಂದ ಇಲ್ಹಾಂ ಎಂಬ ದಪ್ಪನೆಯ ನರ್ಸ್. ಅವಳ ಬಾಯಿ ಊರಿನ ಎಲ್ಲ ಹೆಂಗಸರ ಬಾಯಿಗಿಂತ ದೊಡ್ಡದು. ಅಷ್ಟು ಹೊತ್ತಿಗೆ ಶಂಸಾಳಿಗೆ ಹಾರಿಬ್ ಹುಟ್ಟಿದ್ದ.

ಹಾರಿಬ್ ಗೋಡೆ ಹಿಡಿದು ಹೆಜ್ಜೆಯಿಡುತ್ತಿದ್ದ ಬೇಸಗೆಯಲ್ಲಿ ಅವನಿಗೂ ಅದೇ ವಾಂತಿ, ಅದೇ ಭೇದಿ. ಕಣ್ಣು ಮಂಜಾಗಿದ್ದ ನಸ್ರಾ ತಡಕಾಡಿ ಹೂಜಿಯನ್ನು ಎತ್ತಿಟ್ಟಳು. ಶಂಸಾ ಮಗುವನ್ನು ಎದೆಗವಚಿಕೊಂಡು ಬರಿಗಾಲಲ್ಲಿ ಆಸ್ಪತ್ರೆಗೆ ಓಡಿದಳು.

"ನೀರು ಕುಡಿಸಿದೀರಾ?" ಕೇಳಿದಳು ಇಲ್ಹಾಂ.

"ಇಲ್ಲ. ಬೆಳಿಗ್ಗೆಯಿಂದ ಒಂದು ಹನಿಯೂ ಕೊಟ್ಟಿಲ್ಲ" ಎಂದಳು ಶಂಸಾ. ಸರಿಯಾಗಿ ನೋಡಿಕೊಂಡಿದ್ದೇನೆ ಎನ್ನುವ ಧ್ವನಿಯಲ್ಲಿ.

ಇಲ್ಹಾಂ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ತಾಯಿ! ಮಗು ಸಾಯೋದು ಭೇದಿಯಿಂದಲ್ಲ, ಒಣಗಿ ಸಾಯೋದು. ಹೋಗೋದು ನೀರು, ಕೊಡ್ಬೇಕಾದ್ದೂ ನೀರು. ಇಲ್ಲಿ ಕೂತ್ಕೊಳಿ."

ಚೊಂಬಿನಲ್ಲಿ ಕಾಯಿಸಿ ಆರಿಸಿದ ನೀರು ತಂದು ಚಿಟಿಕೆ ಉಪ್ಪು, ಹಿಡಿ ಸಕ್ಕರೆ ಹಾಕಿ ಕದಡಿದಳು. ಚಮಚ ಶಂಸಾಳ ಕೈಗೆ ಕೊಟ್ಟಳು. ವಾಂತಿಯಾದರೆ ತುಸು ತಡೆದು ಮತ್ತೆ ಕೊಡಿ, ನಿಲ್ಲಿಸಬೇಡಿ ಎಂದಳು. ಶಂಸಾ ಚಮಚದ ಮೇಲೆ ಚಮಚ ಕುಡಿಸುತ್ತ ಕುಳಿತಳು. ಹೊತ್ತು ಇಳಿಯುವಾಗ ಮಗು ಇಲ್ಹಾಂಳ ಮಡಿಲಲ್ಲಿ ಉಚ್ಚೆ ಹೊಯ್ದಿತು. ಇಲ್ಹಾಂ ಒದ್ದೆ ಲಂಗವನ್ನು ಎತ್ತಿ ತೋರಿಸಿ, "ನೋಡಿ ನೋಡಿ, ಬದುಕಿಬಿಟ್ಟ! ಇದಕ್ಕಿಂತ ಒಳ್ಳೇ ಅತ್ತರು ಉಂಟಾ?" ಎಂದು ನಕ್ಕಳು. ಬಾಗಿಲಲ್ಲಿ ಸೇರಿದ್ದವರೆಲ್ಲ ನಕ್ಕರು.

ನಗು ಇಳಿದ ಮೇಲೆ ಶಂಸಾ ಕೇಳಿದಳು: "ಸಿಸ್ಟರ್, ಇನ್ನೂ ಸ್ವಲ್ಪ ದೊಡ್ಡ ಮಗು ಆಗಿದ್ರೆ? ಹಲ್ಲು ಬೀಳೋ ವಯಸ್ಸಿನದು?"

"ಇನ್ನೂ ಸುಲಭ ಅಲ್ವಾ? ಲೋಟ ಕೈಗೆ ಕೊಟ್ಟು ಕೂರಿಸಿದ್ರೆ ತಾನೇ ಕುಡ್ಕೊಳ್ಳುತ್ತೆ" ಎಂದಳು ಇಲ್ಹಾಂ, ಚೊಂಬು ತೊಳೆಯುತ್ತ.

ಹುಮೈದ್ ಅಂದು ಸಂತೋಷ ತಡೆಯಲಾರದೆ ಕೇರಿಗೆಲ್ಲ ಹಲ್ವ ಹಂಚಿದ. ಶಂಸಾ ಮುಟ್ಟಲಿಲ್ಲ. ಅವಳ ಮನಸ್ಸಿನಲ್ಲಿರುವುದು ಏನೆಂದು ಅವನಿಗೆ ಗೊತ್ತಾಯಿತು. ಮೆತ್ತಗೆ ಹೇಳಿದ: "ಆಗಿನ ಕಾಲ ಹಂಗಿತ್ತು ಶಂಸಾ. ನಮ್ಮ ಹತ್ರ ಏನಿತ್ತು ಹೇಳು? ರಸ್ತೆ ಇರ್ಲಿಲ್ಲ, ಡಾಕ್ಟರ್ ಇರ್ಲಿಲ್ಲ, ಔಷಧಿ ಇರ್ಲಿಲ್ಲ."

"ನೀರಿರ್ಲಿಲ್ವಾ?" ಎಂದಳು ಶಂಸಾ.

ಹಿಂಗೋಡೆಯಾಚೆ ಕಾಲುವೆ ಹರಿಯುತ್ತಲೇ ಇತ್ತು. ಹುಮೈದ್ ಎದ್ದು ಹೊರಗೆ ಹೋದ. ಸಾಯುವವರೆಗೆ ಅವನು ಆ ಮಾತು ಮತ್ತೆ ಎತ್ತಲಿಲ್ಲ.

ಆ ದಿನದವರೆಗೆ ಶಂಸಾಳಿಗೆ ದುಃಖವಿತ್ತು, ಅಷ್ಟೇ. ಉಪಾಯವಿಲ್ಲದ್ದಕ್ಕೆ ಯಾರನ್ನು ದೂರುವುದು? ಉಪಾಯ ಊರಿಗೇ ಬಂದು, ಅದೂ ಚಿಟಿಕೆ ಉಪ್ಪಿನಷ್ಟು ಸಣ್ಣದಾಗಿ ಕಣ್ಣೆದುರು ನಿಂತ ಮೇಲೆ ರಯ್ಯಾ ಎರಡನೇ ಸಲ ಸತ್ತಳು. ಇದನ್ನು ತಾಳಿಕೊಳ್ಳುವುದಕ್ಕೆ ಶಂಸಾಳಿಗೆ ಒಂದೇ ದಾರಿಯಿತ್ತು. ರಯ್ಯಾ ಸತ್ತೇ ಇಲ್ಲ. ಮರೆಯಾಗಿದ್ದಾಳೆ. ಮರೆಯಾದವಳಿಗೆ ಬಾಯಾರಿಕೆಯಿಂದ ಏನಾದೀತು? ಮಾಟದ ಕತೆಗಳನ್ನು ರೇಡಿಯೊದ ಮೌಲ್ವಿಗಳು ಜರೆಯತೊಡಗಿ, ಉಳಿದ ಮನೆಯವರು ಬಟ್ಟಲಿಡುವುದನ್ನು ಒಬ್ಬೊಬ್ಬರಾಗಿ ಬಿಟ್ಟಾಗ, ಅವಳು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು.

ಕರೆಂಟು ಬಂತು. ಹಳೆಯ ಕೇರಿ ಬಿಟ್ಟು ಎಲ್ಲರೂ ರಸ್ತೆ ಬದಿಗೆ ಸಿಮೆಂಟಿನ ಮನೆ ಕಟ್ಟಿಕೊಂಡರು. ಅಡುಗೆಮನೆಗೇ ನಲ್ಲಿ ಬಂತು. ನಲ್ಲಿ ತೊಟ್ಟಿಕ್ಕಿದರೆ ಶಂಸಾ ಎಲ್ಲಿದ್ದರೂ ಎದ್ದು ಬಂದು ತಿರುಗಿಸಿ ನಿಲ್ಲಿಸುತ್ತಿದ್ದಳು. ನೀರು ಪೋಲಾಗುವುದು ಅತ್ತೆಗೆ ಆಗುವುದಿಲ್ಲ ಎಂದುಕೊಂಡಳು ಹಾರಿಬ್‌ನ ಹೆಂಡತಿ. ಕೆಲವು ಮಧ್ಯಾಹ್ನ ಶಂಸಾ ಒಬ್ಬಳೇ ಹಳೆಯ ಕೇರಿಗೆ ಹೋಗಿ ಬರುತ್ತಿದ್ದಳು. ಮಾಡು ಕುಸಿದ ಮನೆಯಲ್ಲಿ, ಆ ಗೋಡೆಯ ಪಕ್ಕದಲ್ಲಿ ಕುಳಿತರೆ, ಕಾಲುವೆಯ ಅಂಚಿನ ಮೇಲೆ ಬರಿಗಾಲು ನಡೆದಾಡುವ ಸದ್ದು ಕೇಳುತ್ತಿತ್ತು. ಎದ್ದು ಇಣುಕಿದರೆ ನಿಲ್ಲುತ್ತಿತ್ತು. ಅದಕ್ಕೇ ಅವಳು ಇಣುಕುವುದನ್ನು ಬಿಟ್ಟಳು.

ಮೌಜಾಳಿಗೆ ಹಾಗಲ್ಲ. ಹಳೆಯ ಕಾಲವೆಂದರೆ ಅವಳ ಬಾಯಲ್ಲಿ ಜೇನು. ದಿನಾ ಸಂಜೆ ಕಾಫಿಗೆ ಕುಳಿತಾಗ ಅದೇ ಮಾತು.

"ಆ ಕಾಲವೇ ಚೆಂದ ಕಣೇ. ಒಂದು ಮನೇಲಿ ಮೀನು ಸುಟ್ಟರೆ ಕೇರಿಗೆಲ್ಲ ಪಾಲು. ಈಗ ನೋಡು, ನನ್ನ ಸೊಸೆ ಪಕ್ಕದ ರೂಮಿಂದ ಫೋನ್ ಮಾಡಿ ಊಟಕ್ಕೆ ಕರೀತಾಳೆ."

"ಆಗ ನಿನಗೆ ಹಲ್ಲಿತ್ತು, ಮೀನು ರುಚಿಯಾಗಿತ್ತು" ಎಂದಳು ಶಂಸಾ.

ಹಾರಿಬ್‌ನ ಮಗಳು ಅಬೀರ್ ಪಕ್ಕದಲ್ಲಿ ಕುಳಿತು ಇಬ್ಬರನ್ನೂ ಫೋನಿನಲ್ಲಿ ಚಿತ್ರೀಕರಿಸುತ್ತಿದ್ದಳು. ಕಾಲೇಜಿನ ಹುಡುಗಿ. ಹಳೆಯ ಕೇರಿಯ ಪಾಳುಗೋಡೆಗಳ ಫೋಟೊ ಹಾಕಿ, "ಮನಸ್ಸುಗಳು ನಿರ್ಮಲವಾಗಿದ್ದ ಕಾಲ" ಎಂದು ಬರೆದರೆ ನೂರಾರು ಜನ ಮೆಚ್ಚುತ್ತಿದ್ದರು. ಮರೆಯಾದ ಸೋದರತ್ತೆ ರಯ್ಯಾಳ ಕತೆಯನ್ನೂ ಮೌಜಾಳ ಬಾಯಿಂದ ಹೇಳಿಸಿ ಹಾಕಿದ್ದಳು. "ನೀನು ಹೇಳು ಹಬೂ" ಎಂದಳು. ಅಜ್ಜಿಯನ್ನು ಅವರು ಕರೆಯುವುದು ಹಾಗೆ. "ಆಗ ಚೆನ್ನಾಗಿತ್ತೋ, ಈಗ ಚೆನ್ನಾಗಿದೆಯೋ?"

"ಅದನ್ನ ಆಗ ಇದ್ದು ಈಗ ಇಲ್ಲದವರನ್ನ ಕೇಳ್ಬೇಕು" ಎಂದು ಶಂಸಾ ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಅಬೀರ್ ಹಾಕಿದ ಕತೆಗೆ ಒಂದು ದಿನ ಉತ್ತರ ಬಂತು. ಮರಳುಗಾಡಿನಂಚಿನ ಪಟ್ಟಣವೊಂದರ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಹುಡುಗಿ ಬರೆದಿದ್ದಳು: ನಮ್ಮಲ್ಲಿ ಹೆಸರಿಲ್ಲದ ಒಬ್ಬಳಿದ್ದಾಳೆ. ಬಹಳ ಹಿಂದೆ ಯಾರೋ ಲಾರಿಯವರು ದಾರಿಯಲ್ಲಿ ಸಿಕ್ಕಿದಳೆಂದು ತಂದು ಬಿಟ್ಟರಂತೆ. ಮಾತಾಡುವುದಿಲ್ಲ. ವಯಸ್ಸು ನಿಮ್ಮ ಸೋದರತ್ತೆಗೆ ಎಷ್ಟಾಗಿರಬಹುದೋ ಅಷ್ಟು. ಎಡಗೈಯಲ್ಲಿ ಉಣ್ಣುತ್ತಾಳೆ.

"ನಾನು ಹೇಳ್ಲಿಲ್ವಾ? ಅವತ್ತೇ ಹೇಳ್ಲಿಲ್ವಾ?" ಮೌಜಾ ಎದೆ ಬಡಿದುಕೊಂಡು ಅತ್ತಳು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು.

ಹಾರಿಬ್ ಮೊದಲು ಮಗಳ ಮೇಲೆ ರೇಗಿದ. ಆಮೇಲೆ ತಾಯಿಯ ಮುಖ ನೋಡಿ ತಣ್ಣಗಾದ. "ಹೋಗೋಣ ಅಮ್ಮ. ಈಗ ಪರೀಕ್ಷೆ ಇದೆ, ಡಿಎನ್‌ಎ ಅಂತ. ಬಾಯೊಳಗೆ ಹತ್ತಿಕಡ್ಡಿ ಸವರಿದ್ರೆ ಸಾಕು, ತಾಯಿ ಮಗಳು ಹೌದೋ ಅಲ್ವೋ ಹೇಳಿಬಿಡ್ತಾರೆ. ಒಂದು ಸಲ ಮುಗೀಲಿ ಇದು."

ಆಸ್ಪತ್ರೆಯಲ್ಲಿ ಕಿಟಕಿಯ ಪಕ್ಕದ ಮಂಚದ ಮೇಲೆ ಆ ಹೆಂಗಸು ಕುಳಿತಿದ್ದಳು. ಕತ್ತರಿಸಿದ ಬಿಳಿಗೂದಲು, ಎಲ್ಲೂ ನಿಲ್ಲದ ಕಣ್ಣು. ಶಂಸಾ ಹತ್ತಿರ ಕುಳಿತು ಅವಳ ಎಡಗೈಯನ್ನು ತನ್ನೆರಡು ಕೈಗಳಲ್ಲಿ ತೆಗೆದುಕೊಂಡಳು. ಆಮೇಲೆ ಎಲ್ಲರೂ ಹೊರಗೆ ಹೋಗಿ ಎಂದಳು. ಪರದೆ ಎಳೆದು, ಹೆಂಗಸಿನ ಅಂಗಿಯನ್ನು ಮೇಲೆತ್ತಿ ಹೊಟ್ಟೆ ನೋಡಿದಳು. ಹೊಕ್ಕುಳ ಸುತ್ತ ಒಂದೇ ಒಂದು ಬರೆಯೂ ಇರಲಿಲ್ಲ. ಕಾದ ಕಬ್ಬಿಣ ಎಂದೂ ಸೋಕದ ನುಣುಪು ಚರ್ಮ.

ಶಂಸಾ ಅಂಗಿಯನ್ನು ಕೆಳಗೆಳೆದು ಸರಿಮಾಡಿದಳು. ಪರದೆ ಸರಿಸಿ, ಒಳಗೆ ಬಂದವರಿಗೆ ಏನೂ ಹೇಳಲಿಲ್ಲ. ನರ್ಸ್ ಹತ್ತಿಕಡ್ಡಿ ತಂದಾಗ ಬಾಯಿ ತೆರೆದಳು.

ಫಲಿತಾಂಶ ಬರಲು ಕೆಲವು ವಾರ ಹಿಡಿಯಿತು. ಆ ವಾರಗಳಲ್ಲಿ ಮನೆಯವರು ಕಂಡಷ್ಟು ಗೆಲುವಾದ ಶಂಸಾಳನ್ನು ಅದಕ್ಕೆ ಮೊದಲು ಯಾರೂ ಕಂಡಿರಲಿಲ್ಲ. ಬಂದವರಿಗೆಲ್ಲ ತಾನೇ ಕಾಫಿ ಬಗ್ಗಿಸಿದಳು. ರಯ್ಯಾ ಶೈತಾನನ ಬಗ್ಗೆ ಅಜ್ಜಿಗೆ ಕೊಟ್ಟ ಉತ್ತರವನ್ನು ಹೇಳಿ ನಗಿಸಿದಳು. ಅಬೀರ್‌ಳನ್ನು ಕರೆದುಕೊಂಡು ಹೋಗಿ ಹಸಿರು ರೇಷ್ಮೆಯ ಉಡುಪಿಗೆ ಬಟ್ಟೆ ತಂದಳು. ರಸ್ತೆಯಲ್ಲಿ ಹೋಗುವವರು ನಿಂತು "ಉಮ್ ರಯ್ಯಾ, ಸುದ್ದಿ ಬಂತಾ?" ಎಂದು ಕೇಳುತ್ತಿದ್ದರು. "ಬರುತ್ತೆ, ಬರುತ್ತೆ" ಎನ್ನುತ್ತಿದ್ದಳು.

ಫೋನ್ ಬಂದ ದಿನ ಹಾರಿಬ್ ಶಾಲೆಯಿಂದ ಬೇಗ ಬಂದು ತಾಯಿಯ ಪಕ್ಕ ನೆಲದ ಮೇಲೆ ಕುಳಿತ. ಅಲ್ಲವೆಂದು ತಲೆಯಾಡಿಸಿದ.

"ಗೊತ್ತು" ಎಂದಳು ಶಂಸಾ. "ಅವತ್ತೇ ಹೊಟ್ಟೆ ನೋಡಿದ್ನಲ್ಲ. ಬರೆ ಇರ್ಲಿಲ್ಲ."

"ಗೊತ್ತಿದ್ದೂ ಯಾಕಮ್ಮ ಇಷ್ಟು ದಿನ..."

"ಊರೆಲ್ಲ ನನ್ನ ಅವಳ ಹೆಸರಿಂದ ಕರೀತಿದ್ರಲ್ಲೋ. ಎಷ್ಟು ವರ್ಷ ಆಗಿತ್ತು." ತಲೆವಸ್ತ್ರ ಸರಿಪಡಿಸಿಕೊಂಡು ಹೇಳಿದಳು: "ನಾಳೆ ನನ್ನ ಖಬರಸ್ತಾನಕ್ಕೆ ಕರ್ಕೊಂಡು ಹೋಗು."

ಮಗಳನ್ನು ಮಣ್ಣು ಮಾಡಿದ ಜಾಗಕ್ಕೆ ಅವಳು ಅಲ್ಲಿಯವರೆಗೆ ಹೋಗಿರಲಿಲ್ಲ. ಮರದ ತುಂಡನ್ನು ಹೂಳಿದ ಜಾಗಕ್ಕೆ ಯಾಕೆ ಹೋಗಬೇಕು ಎಂದು ಹಟ ಹಿಡಿದಿದ್ದಳು. ಜಾಗ ತಿಳಿದಿದ್ದ ಗಂಡಸರೆಲ್ಲ ಈಗ ಅದೇ ನೆಲದೊಳಗಿದ್ದರು.

ಬೆಳಗಿನ ಬಿಸಿಲಲ್ಲಿ ಹಾರಿಬ್ ಕಾರನ್ನು ಬೇಲಿಯ ಹೊರಗೆ ನಿಲ್ಲಿಸಿದ. ಅಬೀರ್ ಅಜ್ಜಿಯ ಕೈ ಹಿಡಿದು ಒಳಗೆ ಬಂದಳು. ರಸ್ತೆಯ ಕಡೆಗಿದ್ದ ಹೊಸ ಗೋರಿಗಳೆಲ್ಲ ಉದ್ದನೆಯವು, ದೊಡ್ಡವರದು. ಗುಡ್ಡದ ಕಡೆಗೆ ಹೋದಂತೆ ಅವು ಗಿಡ್ಡವಾಗುತ್ತ ಬಂದವು. ಹೆಸರು ಕೆತ್ತುವ ರೂಢಿ ಅಲ್ಲಿಲ್ಲ, ಬರೀ ನೆಟ್ಟ ಕಲ್ಲುಗಳು. ಒಂದು ಕಲ್ಲಿಗೂ ಇನ್ನೊಂದಕ್ಕೂ ನಡುವೆ ಮೊಳದಷ್ಟು ಜಾಗ, ಕೆಲವು ಕಡೆ ಗೇಣಿನಷ್ಟೇ. ಕಾಲಿಡಲು ಎಡೆಯಿಲ್ಲದಂತೆ ಗುಡ್ಡದ ಬುಡದವರೆಗೂ ಅಂಥವೇ.

ಅಬೀರ್ ನಿಂತುಬಿಟ್ಟಳು. "ಹಬೂ, ಇವೆಲ್ಲ... ಮಕ್ಕಳಾ?"

"ಮತ್ತೆ? ಇವುಗಳಲ್ಲೇ ಎಲ್ಲೋ ಮೌಜಾಳ ಮೂವರು ಇದಾರೆ. ನಿನಗೆ ಹೇಳಿರ್ಲಿಕ್ಕಿಲ್ಲ ಅವಳು."

ಅಬೀರ್ ಕೈಯಲ್ಲಿದ್ದ ಫೋನನ್ನು ಚೀಲದೊಳಗಿಟ್ಟಳು. ಶಂಸಾ ಕಲ್ಲುಗಳ ನಡುವೆ ಬಗ್ಗಿ ನೋಡುತ್ತ, ನಿಲ್ಲುತ್ತ, ಮತ್ತೆ ಮುಂದೆ ಹೋದಳು. ಗುರುತು ಹಿಡಿಯಲು ಏನೂ ಇರಲಿಲ್ಲ. ಕೊನೆಗೆ ಒಂದು ಗೋರಿಯ ಪಕ್ಕ ಕುಳಿತು ಅದರ ಮೇಲಿನ ಮುಳ್ಳುಕಂಟಿಯನ್ನು ಕಿತ್ತಳು.

"ಇದೇನಾ ಹಬೂ?"

"ಅಲ್ದೆ ಇರ್ಬಹುದು. ಇದರ ತಾಯಿ ಈಗ ಇರ್ಲಿಕ್ಕಿಲ್ಲ, ನಾನಿದೀನಿ. ಯಾರದಾದ್ರೂ ಆಗ್ಲಿ."

ಅವಳು ಕಲ್ಲಿನ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ಮಾತಾಡಿದಳು. ಏನು ಹೇಳಿದಳೆಂಬುದು ಅಬೀರ್‌ಗೆ ಕೇಳಿಸಲಿಲ್ಲ. ಜೋಗುಳದ ಹಾಗೆಯೂ ಇತ್ತು, ಜಗಳದ ಹಾಗೆಯೂ ಇತ್ತು. ಬಿಸಿಲು ನೆತ್ತಿಗೇರಿದಾಗ ತಾನೇ ಎದ್ದಳು.

ಹಿಂದಿರುಗುವಾಗ ಊರಿನ ತಿರುವಿನಲ್ಲಿ ಕಪ್ಪು ಹೊದ್ದ ಹೆಂಗಸೊಬ್ಬಳು ರಸ್ತೆಯಂಚಿನಲ್ಲಿ ಒಬ್ಬಳೇ ನಡೆದು ಹೋಗುತ್ತಿದ್ದಳು. ಹಾರಿಬ್ ಕಾರಿನ ವೇಗ ತಗ್ಗಿಸಿದ. ಒಂಟಿ ಹೆಂಗಸು ದಾರಿಯಲ್ಲಿ ಕಂಡರೆ, ತಾಯಿ ಮುಖ ನೋಡಲೆಂದು ಹಾಗೆ ಮಾಡುವುದು ಅವನಿಗೆ ಡ್ರೈವಿಂಗ್ ಕಲಿತ ದಿನದಿಂದ ರೂಢಿಯಾಗಿತ್ತು. ಇಂದೂ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಶಂಸಾ ಕಿಟಕಿಯ ಗಾಜು ಇಳಿಸಿದಳು. ಹೆಂಗಸು ಹತ್ತಿರವಾಗಿ, ಮುಖ ಕಾಣಿಸಿ, ಹಿಂದೆ ಉಳಿದಳು.

"ನಡಿ" ಎಂದಳು ಶಂಸಾ. ಗಾಜನ್ನು ಏರಿಸಲಿಲ್ಲ.